ಶಾಂತವ್ವ ಬಿಡಬೇಡವೆಂದ ನೀರು

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅರ್ಧ ಸುಳ್ಳು, ಅರ್ಧ ಸೆರೆಯ ಅಮಲು. ಆದರೆ ಇದು ನನಗೇ ಆದದ್ದು. ಅಂದು ನಾನು ಚಹಾ ಬಿಟ್ಟರೆ ಬೇರೇನೂ ಕುಡಿದಿರಲಿಲ್ಲ.

ಬನಹಟ್ಟಿಯಲ್ಲಿ ನನ್ನದು ಪಂಪ್‌ಸೆಟ್ ರಿಪೇರಿಯ ಶೆಡ್ಡು. ಹಳೆಯ ಇಂಜಿನ್ನುಗಳ ಚರಿತ್ರೆ ಕೆದಕುವುದು ನನ್ನ ಹುಚ್ಚು. ಜಮಖಂಡಿ ಕಡೆ ಹೊಳೆ ದಂಡೆಯ ಹಳ್ಳಿಯೊಂದರಲ್ಲಿ ದೋಣಿಗೆ ಕೂರಿಸುವ ಪುಟ್ಟ ಇಂಜಿನ್ ಕಣ್ಣಿಗೆ ಬಿತ್ತು. ಒಂದೇ ಸಿಲಿಂಡರು, ಹಿತ್ತಾಳೆ ನಲ್ಲಿ. ಅಂಥದ್ದನ್ನು ಪುಸ್ತಕದಲ್ಲೂ ಕಂಡಿರಲಿಲ್ಲ. ಮಾಡಿದವರ ಹೆಸರಿನ ಫಲಕ ಕಿತ್ತುಹೋಗಿತ್ತು. ಗುರುತು ಉಳಿದಿದ್ದರೆ ಪಕ್ಕದ ಮುಚ್ಚಳದ ಒಳಮೈಯಲ್ಲಿ ಉಳಿದಿರಬೇಕು.

ಇಂಜಿನ್ನಿನ ಒಡತಿ ಶಾಂತವ್ವ. ಗಂಡ ಅಂಬಿಗ. ಹೊಳೆ ತುಂಬಿದಾಗ ದೋಣಿ ಮಗುಚಿತ್ತು. ಈ ಇಂಜಿನ್ ಸಮೇತ ದೋಣಿ ಸಿಕ್ಕಿತು, ಹೆಣ ಸಿಗಲಿಲ್ಲ. ಅಂದಿನಿಂದ ಈಕೆ ಪ್ರತಿ ಅಮಾವಾಸ್ಯೆಗೆ ಇಂಜಿನ್ನಿನ ಹೊಟ್ಟೆಗೆ, ತಂಪಿಗೆಂದು ನೀರು ನಿಲ್ಲುವ ಜಾಗಕ್ಕೆ, ಒಂದು ತಂಬಿಗೆ ಹೊಳೆನೀರು ಹಾಕುತ್ತಾಳೆ. ಹಣೆ ತುಂಬ ಕುಂಕುಮ.

"ಎಂಟ ದಿನಾ ಒಯ್ದ ನೋಡು, ತಮ್ಮಾ... ಖರೆ, ಒಳಗಿನ ನೀರ ಬಿಡಬ್ಯಾಡ. ಆ ನೀರ ಇರೂತನಾ ಅವ್ರು ಅದಾರ. ಬರತಾರ."

"ಆತ ಬೇ ಯವ್ವಾ, ಬಿಡಂಗಿಲ್ಲ" ಎಂದೆ. ಒಳಗೊಳಗೇ ನಕ್ಕೆ. ಕಬ್ಬಿಣಕ್ಕೆ ತುಕ್ಕು ಹಿಡಿಸುವುದಕ್ಕೂ ಒಂದು ಭಕ್ತಿಯೇ!

ಅಂದು ರಾತ್ರಿಯೇ ಬಕೆಟ್ ಇಟ್ಟು ನಲ್ಲಿ ತಿರುಗಿಸಿದೆ. ನೀರು ಬಿಡದೆ ಮುಚ್ಚಳ ಬಿಚ್ಚುವಂತಿರಲಿಲ್ಲ. ಸುತ್ತಲಿನ ಮನೆಗಳಲ್ಲಿ ಕರೆಂಟಿನ ಮಗ್ಗಗಳು ಖಟಖಟ ಎನ್ನುತ್ತಿದ್ದವು.

ಹಿಡಿದರೆ ಅರ್ಧ ಬಕೆಟ್ ನೀರು ಹಿಡಿಯುವ ಇಂಜಿನ್ನು. ಎರಡು ಬಕೆಟ್ ತುಂಬಿತು... ಮೂರು... ನಾಲ್ಕು. ಕೆಸರಿನ ವಾಸನೆ, ಮೀನಿನ ವಾಸನೆ. ಯಾವುದಾದರೂ ಪೈಪು ಸೇರಿದೆಯೇ ಎಂದು ಕೆಳಗೆ ಬಗ್ಗಿ ನೋಡಿದೆ. ಬರೀ ಒಣ ನೆಲ.

ಆಗ ಕರೆಂಟು ಹೋಯಿತು. ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಆ ಮೌನದಲ್ಲಿ ಇಂಜಿನ್ನಿನ ಚಕ್ರ ತಾನೇ ಹೊರಳಿತು... ಟಕ್... ಟಕ್... ಅದರಲ್ಲಿ ಒಂದು ಹನಿ ಎಣ್ಣೆಯೂ ಇರಲಿಲ್ಲ. ಆಮೇಲೆ ನನ್ನ ಪಕ್ಕದಿಂದಲೇ ಪಚ್... ಪಚ್... ಎಂದು ಯಾರೋ ನಡೆದುಹೋದರು.

"ಯಾರಲೇ ಅಂವಾ?" ಎಂದೆ.

ದೀಪ ಬಂದಾಗ ಇಂಜಿನ್ನಿನಿಂದ ಬಾಗಿಲವರೆಗೆ ಒದ್ದೆ ಹೆಜ್ಜೆಗಳು. ಬರಿಗಾಲಿನವು. ನನ್ನ ಕಾಲಲ್ಲಿ ಚಪ್ಪಲಿ ಇದ್ದವು.

ಆದರೂ ಬೆಳಿಗ್ಗೆ ಮುಚ್ಚಳ ಬಿಚ್ಚಿದೆ ನೋಡಿ, ಅಷ್ಟು ಭಂಡ ನಾನು! ಹೆಸರು, ನಂಬರು ಎರಡೂ ಇದ್ದವು. ಬರೆದುಕೊಂಡೆ. ಮುದುಕಿಗೆ ಏನು ತಿಳಿದೀತು ಎಂದು ಬೋರ್‌ವೆಲ್ ನೀರು ತುಂಬಿಸಿ, ಟೆಂಪೊದಲ್ಲಿ ಹೇರಿಕೊಂಡು ಹೋದೆ.

ಶಾಂತವ್ವ ಹೊಸ್ತಿಲ ಮೇಲೆ ಕೂತಿದ್ದಳು. ಹಣೆ ಬೋಳಾಗಿತ್ತು. ಕೈಯಲ್ಲಿ ಬಳೆ ಇರಲಿಲ್ಲ.

"ಬ್ಯಾರೆ ನೀರ ತುಂಬಿಸ್ಕೊಂಡ ಬಂದ್ಯಾ, ತಮ್ಮಾ? ಯಾಕ ಬೇಕಾಗಿತ್ತು..." ಬೈಯಲಿಲ್ಲ, ಅಳಲಿಲ್ಲ. "ರಾತ್ರಿ ಬಂದಿದ್ರು. ಇಲ್ಲೇ ನಿಂತ್ರು. ಇನ್ನ ಕಾಯಬ್ಯಾಡ ಅಂದ್ರು, ಹ್ವಾದ್ರು."

ಹೊಸ್ತಿಲ ಹೊರಗೆ ಕಲ್ಲು ಇನ್ನೂ ಒದ್ದೆಯಾಗಿತ್ತು.

ಶೆಡ್ಡಿನಲ್ಲಿದ್ದವನು ನಾನೊಬ್ಬನೇ. ಆಕೆಗೆ ಯಾರು ಹೇಳಿದರು? ಥೂ, ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ! ಆಕೆ ಇಷ್ಟು ವರ್ಷ ಕಾಪಾಡಿಕೊಂಡಿದ್ದ ಗಂಡನನ್ನು ಒಂದು ನಂಬರಿಗಾಗಿ ಬಕೆಟ್ಟಿಗೆ ಸುರಿದೆ.

ಆ ನಂಬರು ನನ್ನ ನೋಟುಬುಕ್ಕಿನಲ್ಲಿದೆ. ಆ ಪುಟ ತೆರೆಯಲು ಇನ್ನೂ ಕೈ ಬರುವುದಿಲ್ಲ. ಮಗ್ಗಗಳು ನಿಂತ ರಾತ್ರಿ ಶೆಡ್ಡಿನಲ್ಲಿ ಕೂರುವುದೂ ಇಲ್ಲ.