ಎಡಗಾಲಿನ ಮೇಲೆ ಇಳಿಯುತ್ತಿದ್ದವಳು

ಪೋಸ್ಟ್ ಆಟಗಾರ್ತಿ ಎಂದರೆ ಎಲ್ಲರೂ ಮೊದಲು ನೋಡುವುದು ಎತ್ತರ. ನಾನು ನೋಡುವುದು ಪಾದ. ಬಾಸ್ಕೆಟ್‌ಬಾಲ್ ರಿಂಗಿನ ಕೆಳಗೆ, ಮೈಗೆ ಮೈ ತಾಗಿಸಿ ನೂಕಾಡುವ ಜಾಗದಲ್ಲಿ ಆಡುವವಳು ಅವಳು. ಹಾರಿದವಳು ಎರಡೂ ಪಾದದ ಮೇಲೆ ಇಳಿದು ತಕ್ಷಣ ಮತ್ತೆ ಹಾರಬಲ್ಲಳೇ ಎಂಬುದೇ ನನ್ನ ಮೊದಲ ಪ್ರಶ್ನೆ.

ಪರ್ತ್ ಸಿಟಿಯಲ್ಲಿ ಎಂಜಿನಿಯರ್ ಕೆಲಸ ಮುಗಿಸಿ ಮೋರ್ಲಿಯ ಮನೆಗೆ ಬಂದರೆ ನನಗೆ ಇದು ಎರಡನೆಯ ಕೆಲಸ: ಅಮೆರಿಕದ ಕಾಲೇಜುಗಳಲ್ಲಿ ಆಡುವ ಆಸ್ಟ್ರೇಲಿಯದ ಹುಡುಗಿಯರ ವಿಡಿಯೊ ನೋಡಿ, ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವಾಗ, ಯಾರನ್ನು ತೆಗೆದುಕೊಳ್ಳಬಹುದೆಂದು ಒಂದು ವೃತ್ತಿಪರ ತಂಡಕ್ಕೆ ವರದಿ ಬರೆಯುವುದು. ಆ ತಂಡ ನನ್ನ ಮಾತನ್ನು ನಂಬುತ್ತಿತ್ತು. ನಂಬುತ್ತಿತ್ತು ಎಂದೇ ಬರೆಯಬೇಕು.

ಆ ವರ್ಷದ ಪಟ್ಟಿಯಲ್ಲಿ ನನ್ನ ಗೆಳತಿಯ ಮಗಳಿದ್ದಳು. ಗೆಳತಿಯೂ ನಾನೂ ಮೈಸೂರಿನಲ್ಲಿ ಒಂದೇ ತಂಡದಲ್ಲಿ ಆಡಿದವರು. ಈಗ ಅವಳು ಬ್ರಿಸ್ಬೇನಿನಲ್ಲಿ ಡಾಕ್ಟರು. ಮಗಳು, ಎದುರಾಳಿಗಳಿಬ್ಬರು ಮುತ್ತಿಕೊಂಡರೂ ಗಾಬರಿಯಾಗದೆ ಚೆಂಡನ್ನು ಹೊರಗೆ ಕೊಡುತ್ತಿದ್ದಳು. ಅದು ಕಲಿಸಿದರೆ ಬರುವುದಲ್ಲ. ಆದರೆ ಕೊನೆಯ ಆರೇಳು ಆಟಗಳಲ್ಲಿ ಅವಳು ಹಾರಿ ಇಳಿಯುತ್ತಿದ್ದುದು ಎಡಗಾಲಿನ ಮೇಲೆ ಮಾತ್ರ. ಬಲಗಾಲು ಕೊಂಚ ತಡವಾಗಿ ನೆಲ ಮುಟ್ಟುತ್ತಿತ್ತು. ವಿಡಿಯೊ ಹಿಂದಕ್ಕೆ ಓಡಿಸಿ ನಾಲ್ಕು ಸಲ ನೋಡಿದೆ.

ಬೇರೆ ಹುಡುಗಿಯಾಗಿದ್ದರೆ ಕಂಡದ್ದನ್ನು ಕಂಡ ಹಾಗೇ ಬರೆಯುತ್ತಿದ್ದೆ. ನಮ್ಮವಳಲ್ಲವೇ, ಕೇಳಿಯೇ ಬಿಡೋಣ ಎಂದು ಬ್ರಿಸ್ಬೇನಿಗೆ ಹೋದೆ. ಹುಡುಗಿ ಓದು ಮುಗಿಸಿ ಮನೆಗೆ ಬಂದಿದ್ದಳು. ಇಂಡೂರೂಪಿಲ್ಲಿ ಬಡಾವಣೆಯ ಅವರ ಮನೆಯಲ್ಲಿ, ಬೇಡವೆಂದರೂ ಎರಡನೇ ಸಲ ಬಿಸಿಬೇಳೆಬಾತು ಬಡಿಸುತ್ತಿದ್ದ ಗೆಳತಿಯನ್ನು ಕೇಳಿದೆ.

“ಅವಳ ಬಲಗಾಲು ಸರಿ ಇದೆ ತಾನೆ?”

“ಏನೂ ಆಗಿಲ್ಲ ಕಣೇ. ಅದು ಅವಳ ಸ್ಟೈಲು. ನಿನ್ ಹತ್ರ ಸುಳ್ಳು ಹೇಳ್ತೀನಾ?”

ಹುಡುಗಿ ಎದುರಿಗೇ ಕೂತಿದ್ದಳು. ತಟ್ಟೆಯಲ್ಲಿದ್ದ ಖಾರಾಬೂಂದಿಯನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸುತ್ತ ನನ್ನನ್ನೇ ನೋಡಿದಳು. ಅವಳನ್ನು ನಾನು ಕೇಳಲಿಲ್ಲ. ಮಕ್ಕಳ ವಿಷಯವನ್ನು ಮಕ್ಕಳ ಎದುರಿಗೇ ತಾಯಿಯನ್ನು ಕೇಳುವವರು ನಾವು, ಮಗುವಿಗೆ ಇಪ್ಪತ್ತೆರಡು ತುಂಬಿದ್ದರೂ. ಪರ್ತ್‌ಗೆ ಬಂದು ವರದಿಯಲ್ಲಿ ಕಾಲಿನ ಮಾತನ್ನೇ ಬಿಟ್ಟೆ. ಕಣ್ಣು ಮುಚ್ಚಿ ಆರಿಸಿಕೊಳ್ಳಿ ಎಂದು ಬರೆದೆ.

ಡ್ರಾಫ್ಟ್‌ಗೆ ಮುಂಚೆ ತಂಡದವರು ಅಡಿಲೇಡಿನಲ್ಲಿ ಅವಳನ್ನು ಆಡಿಸಿ ನೋಡಿದರು. ನಾನೂ ಹೋಗಿದ್ದೆ. ರಿಂಗಿಗೆ ಬಡಿದು ಚಿಮ್ಮಿದ ಚೆಂಡಿಗೆ, ರೀಬೌಂಡಿಗೆ, ಹಾರಿದಾಗ ಹಿಂದಿನಿಂದ ಯಾರೋ ತಾಗಿ, ಆ ಸಲ ಅವಳು ಬಲಗಾಲಿನ ಮೇಲೆ ಇಳಿಯಬೇಕಾಯಿತು. ಬಿದ್ದವಳು ಏಳಲಿಲ್ಲ. ತಂಡದ ವೈದ್ಯರು ಕೇಳಿದಾಗ ಅವಳೇ ಹೇಳಿದಳು: ಮಂಡಿ ಕೆಟ್ಟು ತಿಂಗಳುಗಳಾಗಿದ್ದವು, ಸ್ಕ್ಯಾನನ್ನು ಅಮ್ಮ ನೋಡಿದ್ದಳು. ತಂಡದವರು ಅವಳನ್ನು ಪಟ್ಟಿಯಿಂದ ತೆಗೆದರು. ಇನ್ನು ಮುಂದೆ ವರದಿ ಬೇಡ ಎಂದು ನನಗೂ ಹೇಳಿದರು.

ಮೈಯೆಲ್ಲ ಉರಿದುಹೋಯಿತು. ಉಂಡ ಮನೆಗೆ ಎರಡು ಬಗೆಯಬಾರದು ಅನ್ನುತ್ತಾರೆ. ಉಣ್ಣಿಸಿದವಳೇ ಎರಡು ಬಗೆದರೆ? ಅಲ್ಲಿಂದಲೇ ಗೆಳತಿಗೆ ಫೋನ್ ಮಾಡಿ ಬಾಯಿಗೆ ಬಂದದ್ದೆಲ್ಲ ಅಂದೆ.

“ನಿನ್ ಮಗಳಾಗಿದ್ರೆ ನೀನೂ ಇದೇ ಮಾಡ್ತಿದ್ದೆ,” ಅಂದಳು. ಕ್ಷಮಿಸು ಎಂಬ ಒಂದು ಮಾತಿಲ್ಲ.

ಮಂಡಿಗೆ ಐಸ್ ಕಟ್ಟಿಕೊಂಡು ಬೆಂಚಿನಲ್ಲಿ ಕೂತಿದ್ದ ಹುಡುಗಿಯ ಹತ್ತಿರ ಹೋದೆ. ಇವಳಾದರೂ ಸಾರಿ ಅನ್ನುತ್ತಾಳೆ ಎಂದುಕೊಂಡಿದ್ದೆ. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದವಳು ಅವತ್ತು ತಡವರಿಸುತ್ತ ಕನ್ನಡದಲ್ಲಿ ಮಾತಾಡಿದಳು.

“ನೀವು ಕಾಲೇ ನೋಡೋದು ಅಂತ ಅಮ್ಮ ಯಾವಾಗ್ಲೂ ಹೇಳ್ತಿದ್ರು, ಆಂಟಿ. ಅಮ್ಮಂಗೆ ನೋ ಅನ್ನಕ್ಕೆ ನಂಗಾಗ್ಲಿಲ್ಲ. ನೀವಾದ್ರೂ ನೋ ಅಂತೀರ ಅಂತ ವೇಟ್ ಮಾಡ್ತಿದ್ದೆ.”

ಅಷ್ಟು ಹೊತ್ತೂ ಮೋಸ ಹೋದವಳು ನಾನೊಬ್ಬಳೇ ಎಂದುಕೊಂಡಿದ್ದೆ.