ಕುಂಕುಮದ ತಟ್ಟೆ ಹಿಡಿದು ಕ್ಯಾಂಪಸ್ಸಿಗೆ ನುಗ್ಗಿದ ಅಂಬುಜಮ್ಮ

ಅಂಬುಜಮ್ಮ ಬಾಗಿಲು ತೆಗೆಯುವ ಮುಂಚೆ ಕಿಟಕಿಯಿಂದ ನೋಡುತ್ತಾರೆ. ಬಂದವನು ಸ್ವಂತ ಮೈದುನನೇ ಆಗಿದ್ದರೂ "ಯಾಕೆ ಬಂದ್ರಿ?" ಎಂದು ಕೇಳಿಯೇ ಚಿಲಕ ಸರಿಸುವುದು. ಇಂದಿರಾನಗರದ ವಿಮಾ ನೌಕರರ ಕಾಲೊನಿಯಲ್ಲಿ ಇದು ಎಲ್ಲರಿಗೂ ಗೊತ್ತು. ಮಗಳು ಆಶ್ರಿತಾ ಅಂತೂ "ನಮ್ಮಮ್ಮ ಸಿಸಿಟಿವಿ, ಕರೆಂಟ್ ಹೋದ್ರೂ ಆಫ್ ಆಗಲ್ಲ" ಎಂದು ನೆಂಟರ ಮುಂದೆಲ್ಲ ನಗಾಡುತ್ತಿದ್ದಳು.

ಟಿನ್ ಫ್ಯಾಕ್ಟರಿ ಟ್ರಾಫಿಕ್ಕಿನಲ್ಲಿ ದಿನಾ ಒದ್ದಾಡಲಾರದೆ ಆ ಮಗಳು ಕೆ.ಆರ್. ಪುರದಾಚೆಯ ವಿಶ್ವವಿದ್ಯಾಲಯದ ಹಾಸ್ಟೆಲ್ ಸೇರಿದಳು. ಅಂಬುಜಮ್ಮನ ನಿದ್ದೆ ಹಾರಿಹೋಯಿತು. ಅದಕ್ಕೆ ಸರಿಯಾಗಿ, ಯಾರೋ ಕೊರಿಯರ್‌ನವನ ವೇಷದಲ್ಲಿ ಬಂದು ಹಾಸ್ಟೆಲಿನಿಂದ ಲ್ಯಾಪ್‌ಟಾಪ್ ಎತ್ತಿಕೊಂಡು ಹೋದ ಸುದ್ದಿ ಬೇರೆ. ಪೋಷಕರ ಸಭೆಯಲ್ಲಿ ಭದ್ರತಾ ಅಧಿಕಾರಿ ಮುನೀರ್ ಎದ್ದು ನಿಂತರು.

"ನಮ್ಮೋರು ಎಷ್ಟು ಎಚ್ಚರವಾಗಿದಾರೆ ಅಂತ ಒಂದ್ ಟೆಸ್ಟ್ ಮಾಡ್ಬೇಕು. ಗೇಟಿನವರಿಗೆ ಪರಿಚಯ ಇಲ್ದೋರು ಯಾರಾದ್ರೂ ಪಾಸಿಲ್ದೆ ಒಳಗೆ ಬರೋಕೆ ಟ್ರೈ ಮಾಡ್ತೀರಾ?"

ಅವರ ಮಾತು ಮುಗಿಯುವಷ್ಟರಲ್ಲಿ ಅಂಬುಜಮ್ಮನ ಕೈ ಮೇಲೆದ್ದಿತ್ತು.

ಮನೆಗೆ ಬಂದು ಗಂಡ ವೆಂಕಟಾಚಲ ಅವರಿಗೆ ಕಡ್ಡಿ ಮುರಿದಂತೆ ಹೇಳಿದರು: "ಒಬ್ರೂ ತಡೀದೆ ನಾನು ಅವಳ ರೂಮಿನ ಬಾಗಿಲು ಮುಟ್ಟಿದ್ನೋ, ಅವತ್ತೇ ಅವಳನ್ನ ಮನೆಗೆ ಕರ್ಕೊಂಡ್ ಬರೋದು."

"ಆಮೇಲೆ ಅವಳು ನಿನ್ ಹತ್ರ ಮಾತೇ ಆಡಲ್ಲ ಕಣೆ."

"ಆಡದಿದ್ರೆ ಬಿಡ್ಲಿ. ಕಣ್ಮುಂದೆ ಇರ್ತಾಳಲ್ಲ."

ಶ್ರಾವಣ ಶುಕ್ರವಾರ ಬೆಳಿಗ್ಗೆ ಅಂಬುಜಮ್ಮ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಅರಿಶಿನ ಕುಂಕುಮದ ತಟ್ಟೆ ಹಿಡಿದು ಕ್ಯಾಂಪಸ್ ಗೇಟಿನ ಮುಂದೆ ಆಟೊ ಇಳಿದರು. ಹೆಗಲ ಚೀಲದಲ್ಲಿ ತಾಂಬೂಲ, ಒಬ್ಬಟ್ಟಿನ ಡಬ್ಬಿ, ದಾಟಿದ ಬಾಗಿಲಿಗೆಲ್ಲ ಅಂಟಿಸಲು ಮುನೀರ್ ಕೊಟ್ಟ ಕೆಂಪು ಸ್ಟಿಕ್ಕರು. ಅಡಿಯಲ್ಲಿ, ಮಗಳ ಬಟ್ಟೆ ತುಂಬಲೆಂದು ಮಡಿಸಿಟ್ಟ ಖಾಲಿ ಬ್ಯಾಗು.

ಗೇಟಿನ ಗಾರ್ಡ್ ಹೇಮಶ್ರೀ ತಟ್ಟೆ ನೋಡಿದ್ದೇ ಎದ್ದು ನಿಂತಳು. ಶ್ರಾವಣ ಶುಕ್ರವಾರ ಕುಂಕುಮ ಹಿಡಿದು ಬಂದ ಮುತ್ತೈದೆಯನ್ನು ಐಡಿ ಕೊಡಿ ಎಂದು ಕೇಳಲು ಯಾರಿಗೆ ಬಾಯಿ ಬರುತ್ತದೆ ಹೇಳಿ! ಭಕ್ತಿಯಿಂದ ಹಣೆ ಮುಂದೆ ಮಾಡಿದಳು. ಯೂನಿಫಾರ್ಮಿಗೆ ಸೆರಗಿಲ್ಲವಲ್ಲ, ತಾಂಬೂಲವನ್ನು ಟೋಪಿಯಲ್ಲೇ ಹಾಕಿಸಿಕೊಂಡಳು. "ಹೋಗ್ಬನ್ನಿ ಅಮ್ಮ" ಎಂದು ದಾರಿಯನ್ನೂ ತೋರಿಸಿದಳು. ಗೇಟಿನ ಕಂಬದ ಹಿಂದೆ ಮೊದಲ ಸ್ಟಿಕ್ಕರ್ ಅಂಟಿತು.

ಹಾಸ್ಟೆಲಿನ ಬಾಗಿಲಿಗೆ ಕಾರ್ಡ್ ಬೇಕು. ಫೋನಿನಲ್ಲಿ ಮುಳುಗಿದ್ದ ಹುಡುಗಿಯೊಬ್ಬಳು ತನ್ನ ಕಾರ್ಡ್ ಮುಟ್ಟಿಸಿ, ಕೈಯಲ್ಲಿ ತಟ್ಟೆಯಿದೆ ಪಾಪ ಎಂದು ಬಾಗಿಲನ್ನು ಹಿಡಿದೇ ನಿಂತಳು. ಎಂಥ ಒಳ್ಳೆಯ ಮಕ್ಕಳು, ಎಂಥ ಮಂಕು ಮಕ್ಕಳು! ಎರಡನೆಯ ಸ್ಟಿಕ್ಕರ್. ಮೆಟ್ಟಿಲೇರುತ್ತ ಅಂಬುಜಮ್ಮನಿಗೆ ನಗು ತಡೆಯಲಾಗಲಿಲ್ಲ. ಈ ವಯಸ್ಸಿನಲ್ಲಿ ಇಂಥ ಮಜಾ ಇದೆ ಎಂದು ಯಾರೂ ಹೇಳಿರಲೇ ಇಲ್ಲ. ಆದರೆ ನಗುವಿನ ಹಿಂದೆಯೇ ಒಂದು ಯೋಚನೆ: ನಾನೇ ಇಷ್ಟು ಸಲೀಸಾಗಿ ಬಂದೆನಲ್ಲ, ಇನ್ನು ಯಾರು ಬರುವುದಿಲ್ಲ?

ಮೂರನೆಯ ಮಹಡಿ. ರೂಮುಗಳ ಸಾಲಿಗೆ ಮುಂಚೆ ಒಂದು ಜಾಲರಿ ಬಾಗಿಲು. ಅದರಾಚೆ ರಿಮ್ಶಾ, ಆಶ್ರಿತಾಳ ರೂಮ್‌ಮೇಟ್. ಪುಲಿಕೇಶಿನಗರದ ಹುಡುಗಿ, ಅಂಬುಜಮ್ಮನ ಅಡುಗೆಮನೆಯಲ್ಲೇ ಕೂತು ಕಾವಲಿಯಿಂದಿಳಿದ ದೋಸೆ ತಿಂದವಳು. ಗೆದ್ದೇಬಿಟ್ಟೆ ಎಂದುಕೊಂಡರು ಅಂಬುಜಮ್ಮ.

"ಅರೆ, ಆಂಟಿ!" ರಿಮ್ಶಾಳ ಮುಖ ಅರಳಿತು. ಬಾಗಿಲು ಮಾತ್ರ ಅಲುಗಲಿಲ್ಲ. "ಪಾಸ್ ಎಲ್ಲಿ ಆಂಟಿ?"

"ನಾನು ಕಣೇ, ಅಂಬುಜಾ ಆಂಟಿ! ಒಬ್ಬಟ್ಟು ತಂದಿದೀನಿ, ತೆಗಿ ಬಾಗಿಲು."

"ಗೊತ್ತು ಆಂಟಿ. ಒಬ್ಬಟ್ಟು ನಾನೇ ಪೂರಾ ಖಾಲಿ ಮಾಡ್ತೀನಿ, ಆಮೇಲೆ. ಕೆಳಗಡೆಯಿಂದ ನಿಮಗೆ ಪಾಸ್ ಕೊಟ್ಟೇ ಇಲ್ಲ ಅಂದ್ರೆ ಏನೋ ಮಿಸ್ಟೇಕ್ ಆಗಿದೆ. ಮುನೀರ್ ಸರ್‌ಗೆ ಫೋನ್ ಮಾಡ್ತೀನಿ, ಬೇಜಾರ್ ಮಾಡ್ಕೋಬೇಡಿ."

ಅಂಬುಜಮ್ಮನಿಗೆ ನಿಜಕ್ಕೂ ಬೇಜಾರಾಯಿತು. "ನನ್ನನ್ನೇ ಅನುಮಾನ ಪಡ್ತೀಯೇನೇ?"

"ಅಯ್ಯೋ, ಇಲ್ಲ ಆಂಟಿ! ಗೊತ್ತಿರೋರು ಅಂತ ಒಬ್ರನ್ನ ಬಿಟ್ರೆ ಆಮೇಲೆ ಎಲ್ರನ್ನೂ ಬಿಡ್ಬೇಕಾಗತ್ತೆ. ಲ್ಯಾಪ್‌ಟಾಪ್ ಹೋದ್ಮೇಲೆ ಈ ಫ್ಲೋರ್‌ಗೆ ಆಶ್ರಿತಾನೇ ಮಾಡಿರೋ ರೂಲ್ ಇದು. ನಮ್ಮಮ್ಮ ಚಿಕ್ಕಪ್ಪನ್ನೂ ಯಾಕೆ ಬಂದ್ರಿ ಅಂತ ಕೇಳೇ ಒಳಗೆ ಬಿಡೋದು, ನಾವೂ ಹಂಗೇ ಇರ್ಬೇಕು ಅಂತಾಳೆ."

ಅಂಬುಜಮ್ಮ ತಟ್ಟೆ ಹಿಡಿದು ನಿಂತಲ್ಲೇ ನಿಂತರು. ಹಾಗಾದರೆ ನಗಾಡುತ್ತಿದ್ದ ಮಗಳು ಎಲ್ಲವನ್ನೂ ನೋಡಿ ಕಲಿತಿದ್ದಳು, ಕಲಿತದ್ದನ್ನು ಗೆಳತಿಗೂ ಕಲಿಸಿದ್ದಳು! ಕೈಯಲ್ಲಿ ತಟ್ಟೆ ಇರದಿದ್ದರೆ ಆ ಜಾಲರಿಯ ಸಂದಿಯಲ್ಲೇ ರಿಮ್ಶಾಳ ಕೆನ್ನೆ ಹಿಂಡಿಬಿಡುತ್ತಿದ್ದರು.

ಒಂದೇ ಸಲಕ್ಕೆ ಎರಡೆರಡು ಮೆಟ್ಟಿಲು ಇಳಿಯುತ್ತ ಗೇಟಿಗೆ ಬಂದರು. ಮುನೀರ್ ಅಲ್ಲೇ ಇದ್ದರು. ಹೇಮಶ್ರೀ ತಾಂಬೂಲದ ಟೋಪಿಯನ್ನು ಬೆನ್ನ ಹಿಂದೆ ಹಿಡಿದು ನೆಲ ನೋಡುತ್ತಿದ್ದಳು. ಅಂಬುಜಮ್ಮ ಉಳಿದ ಸ್ಟಿಕ್ಕರನ್ನು ಮುನೀರ್ ಕೈಗಿಟ್ಟರು. "ಇದನ್ನ ಅಂಟಿಸೋಕಾಗ್ಲಿಲ್ಲ ಸರ್. ಮೂರನೇ ಫ್ಲೋರಲ್ಲಿ ಸಿಕ್ಕಾಕೊಂಡೆ!" ಅಷ್ಟು ಸಂಭ್ರಮದಿಂದ ಸೋತವರನ್ನು ಮುನೀರ್ ಕಂಡಿರಲಿಲ್ಲ.

ಆಮೇಲೆ ಎಲ್ಲರಂತೆ ಸಾಲಿನಲ್ಲಿ ನಿಂತು ಪಾಸ್ ಕೇಳಿದರು. ಹೇಮಶ್ರೀ ಈ ಸಲ ತಟ್ಟೆಯ ಕಡೆ ನೋಡಲೇ ಇಲ್ಲ, ಮುಖ ನೋಡಿದಳು.

"ಯಾಕೆ ಬಂದ್ರಿ?"

ಅಂಬುಜಮ್ಮ ಖಾಲಿ ಬ್ಯಾಗನ್ನು ಚೀಲದ ತಳಕ್ಕೆ ಇನ್ನಷ್ಟು ಒತ್ತಿ ಹೇಳಿದರು:

"ಮಗಳನ್ನ ನೋಡ್ಕೊಂಡ್ ಹೋಗೋಕೆ."