ಕಾಶಕ್ಕನ ಬೆರಳಿಗೆ ಬಿದ್ದ ಅಪವಾದ

ಅಂಕೋಲೆ ಬಸ್ ನಿಲ್ದಾಣದ ಹಿಂದಿರುವ ಸುಮಿತಾಳ ಅಂಗಡಿ ಹೆಸರಿಗೆ ಮಾತ್ರ ಝೆರಾಕ್ಸ್ ಅಂಗಡಿ. ಪಹಣಿಯಿಂದ ಪರೀಕ್ಷೆಯ ಅರ್ಜಿಯವರೆಗೆ ಎಲ್ಲವೂ ಅಲ್ಲೇ ಆಗಬೇಕು. ಪಾಸ್‌ವರ್ಡ್ ಮರೆತು ಬಂದವರನ್ನು, "ಉಂಬೂದು ಮರೀತ್ರಾ?" ಎಂದು ಕೆಣಕಿಯೇ ಕೆಲಸ ಮಾಡಿಕೊಡುವಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಆದರೆ ಆ ಬಾಯಲ್ಲಿ 'ತಪ್ಪಾಯ್ತು' ಎಂಬ ಮಾತು ಬಂದದ್ದನ್ನು ಕೇಳಿದವರಿಲ್ಲ.

ಅವರ್ಸೆಯ ಕಾಶಿ ಒಣಸಿಗಡಿ ಮಾರುವವಳು. ಮೂರು ವರ್ಷದ ಹಿಂದೆ ಅವಳಿಗೆ ಆನ್‌ಲೈನಿನಲ್ಲಿ ಒಂದು ಅಂಗಡಿ ತೆರೆದುಕೊಟ್ಟವಳು ಇದೇ ಸುಮಿತಾ. ಹುಬ್ಬಳ್ಳಿ, ಪುಣೆಗಳಿಂದ ಸಿಗಡಿ ಬೇಕೆಂದು ಬರೆಯುವ ಗಿರಾಕಿಗಳಾದರು. ಆಮೇಲೆ ಪಾಸ್‌ಕೀ ಬಂತು. ಪಾಸ್‌ವರ್ಡಿನ ಗೊಡವೆಯೇ ಬೇಡ, ಫೋನಿಗೆ ಬೆರಳಿಟ್ಟರಾಯಿತು. ಕಾಶಿಯದು ಗುಂಡಿ ಒತ್ತುವ ಫೋನು, ಹಾಗಾಗಿ ಸುಮಿತಾಳ ಫೋನಿನಲ್ಲೇ ಅವಳ ಬೆರಳು ಕೊಡಿಸಿದ್ದಾಯಿತು. ಸಿಗಡಿ ಸುಲಿದು ಸವೆದ ಬೆರಳು ನಾಲ್ಕನೆಯ ಸಲಕ್ಕೆ ಹಿಡಿಯಿತು. ಅಂದಿನಿಂದ ಕಾಶಿ ದಿನಾ ಸಂಜೆ ಬಂದು, ಸೆರಗಿಗೆ ಕೈ ಒರೆಸಿ, ಬೆರಳಿಟ್ಟು ತನ್ನ ಅಂಗಡಿ ತಾನೇ ತೆರೆಯುವಳು. ಅದೊಂದು ಗತ್ತು ಅವಳಿಗೆ.

ಹೀಗಿರುವಾಗ ಸುಮಿತಾಳಿಗೆ ಹೊಸ ಫೋನಿನ ಆಸೆ ಹುಟ್ಟಿತು. ಹಳೆಯದರಲ್ಲಿದ್ದುದನ್ನೆಲ್ಲ ಅಳಿಸಿ ಫೋನಿನ ಅಂಗಡಿಗೆ ಕೊಟ್ಟು ಬೇರೆ ಕಂಪನಿಯದನ್ನು ತಂದಳು. ಸಂಜೆ ಕಾಶಿ ಬೆರಳಿಟ್ಟರೆ ಅಂಗಡಿ ತೆರೆಯಲಿಲ್ಲ. ಕೀಲಿಯೆಲ್ಲ ಹಳೆಯ ಕಂಪನಿಯ ಖಾತೆಯಲ್ಲೇ ಉಳಿದಿತ್ತು. ಅದೇ ಕಂಪನಿಯ ಫೋನಿಲ್ಲದೆ ಅದು ಕೈಗೆ ಬರುವಂತಿರಲಿಲ್ಲ. ಕೀಲಿ ಕಳೆದರೆ ಇರಲಿ ಎಂದು ಇಟ್ಟಿದ್ದ ಇಮೇಲಿಗೂ ಅದೇ ಕೀಲಿ ಹಾಕಿದ್ದಳು.

ಕಾಶಿ ಅವಳ ಮುಖವನ್ನೇ ನೋಡುತ್ತಿದ್ದಳು. ಸುಮಿತಾಳ ಬಾಯಿ ತಾನಾಗಿ ಆಡಿಬಿಟ್ಟಿತು: "ಫೋನ್ ಚಲೋ ಅದೆ ಕಾಶಕ್ಕ. ನಿನ್ನ ಬೆರಳೇ ಸವೆದು ಹೋಗ್ಯದೆ."

ಕಾಶಿ ಬೆರಳನ್ನು ಸೆರಗಿನೊಳಗೆ ಎಳೆದುಕೊಂಡಳು.

ದಾರಿ ಇಲ್ಲದಿರಲಿಲ್ಲ. ಕಾರವಾರದಲ್ಲಿರುವ, ಸುಮಿತಾಳ ಗಂಡನ ತಂಗಿ ನೀತಾಳ ಹತ್ತಿರ ಆ ಕಂಪನಿಯ ಫೋನೇ ಇತ್ತು. ಆದರೆ ಹೊಸ ಫೋನು ತಂದ ದಿನವೇ, "ನಿಂದು ಅಜ್ಜನ ಕಾಲದ್ದು" ಎಂದು ಸುಮಿತಾ ಅವಳನ್ನು ನಾಲ್ಕು ಜನರೆದುರು ನಗೆಪಾಟಲು ಮಾಡಿದ್ದಳು. ಈಗ ಯಾವ ಮುಖ ಹೊತ್ತು ಹೋಗುವುದು? ನಾಳೆ ಹೋದರಾಯಿತು ಎನ್ನುತ್ತ ಎಂಟು ದಿನ ಕಳೆದಳು.

ಒಂಬತ್ತನೆಯ ದಿನ ಕಾಶಿ ಬಂದಳು. ಕೈಗೆ ತೆಂಗಿನೆಣ್ಣೆಯ ವಾಸನೆ.

"ಎಂಟು ದಿನ ಆಯ್ತು, ಸಿಗಡಿ ಮುಟ್ಟಲಿಲ್ಲ. ಸೊಸೆ ಬೊಮ್ಮುನೇ ಸುಲೀತಾಳೆ. ಅತ್ತೆಯ ಮೈಗಳ್ಳತನಕ್ಕೆ ಫೋನಿನ ನೆವ ಅಂತಾಳೆ," ಎಂದು ನಕ್ಕು ಬೆರಳು ಮುಂದೆ ಚಾಚಿದಳು. "ಗೆರೆ ಬಂತಾ ನೋಡೆ, ತಂಗಿ."

ಬೆರಳ ತುದಿ ಕೂಸಿನದರಂತೆ ಮೆತ್ತಗಾಗಿತ್ತು. ಸುಮಿತಾಳಿಗೆ ಅದನ್ನು ಹಿಡಿದು ನೋಡುವ ಧೈರ್ಯ ಬರಲಿಲ್ಲ. ಝೆರಾಕ್ಸ್ ಯಂತ್ರದ ಕಡೆ ಮುಖ ಮಾಡಿ ನಡೆದದ್ದನ್ನೆಲ್ಲ ಹೇಳಿದಳು.

ಕಾಶಿ ಬೆರಳನ್ನು ಬೆಳಕಿಗೆ ಹಿಡಿದು ನೋಡಿಕೊಂಡಳು. ಕೊನೆಗೆ, "ಹಾಂಗಾರೆ ನನ್ನ ಬೆರಳು ಸರಿ ಇತ್ತಾ?" ಎಂದಳು.

"ಸರಿ ಇತ್ತು."

"ನಾನು ಈ ಬೆರಳಿಗೇ ಬಯ್ತಿದ್ದೆ," ಎಂದು ಎದ್ದಳು. "ನಡಿ, ಕಾರವಾರಕ್ಕೆ."

ಬಾಗಿಲು ತೆಗೆದ ನೀತಾ, "ಎಂತ ವೈನಿ, ಅಜ್ಜನ ಕಾಲದ ಫೋನು ನೋಡೂಕೆ ಬಂದ್ಯಾ?" ಎಂದಳು. ಸುಮಿತಾ ಕಾಶಿಯ ಕಡೆ ನೋಡಿದಳು. ಕಾಶಿ ಚಪ್ಪಲಿ ಕಳಚುವುದರಲ್ಲಿದ್ದಳು. ತಾನೇ ಹೇಳಬೇಕಾಯಿತು.

"ತಪ್ಪಾಯ್ತು ನೀತಾ. ನಿನ್ನ ಹತ್ರನೂ, ಇವಳ ಹತ್ರನೂ."

ನೀತಾಳ ಫೋನಿಗೆ ಸುಮಿತಾಳ ಹಳೆಯ ಖಾತೆ ಹಾಕಿದರು. ಫೋನು ನೀತಾಳದಾದ್ದರಿಂದ ಅವಳೇ ಬೆರಳಿಟ್ಟಳು, ಕಾಶಿಯ ಅಂಗಡಿ ತೆರೆಯಿತು. 'ಕಾಶಕ್ಕ ಎಲ್ಲಿ ಹೋದಳು?' ಎಂದು ಹುಬ್ಬಳ್ಳಿಯವರು ಮೂರು ಸಲ ಕೇಳಿದ್ದರು. ಸುಮಿತಾಳ ಜೀವ ಹಗುರಾಯಿತು. "ಇನ್ನು ನನ್ನ ಹೊಸ ಫೋನಿಗೂ ಒಂದು ಕೀಲಿ ಮಾಡ್ತೆ," ಎಂದು ಕೈ ಚಾಚಿದಳು.

ಕಾಶಿ ನೀತಾಳ ಫೋನನ್ನು ತನ್ನ ಕಡೆ ಸರಿಸಿಕೊಂಡಳು.

"ಬೇಡ. ಮೊದಲಿನಂಗೆ ಪಾಸ್‌ವರ್ಡ್ ಇಡೂಕೆ ಬರ್ತದಾ? ಅದನ್ನೇ ಇಡು. ಯಾರ ಫೋನಾದ್ರೂ ಆಗ್ಲಿ, ನಾ ನೆನಪಿಟ್ಕಂತೆ."

ಸುಮಿತಾ ಆ ಪುಟ ತೆರೆದುಕೊಟ್ಟಳು. ಕಾಶಿ ಮೆತ್ತಗಾದ ಆ ಬೆರಳನ್ನು ಮೊದಲ ಅಂಕಿಯ ಮೇಲೆ ತಂದು ನಿಲ್ಲಿಸಿದಳು.

"ನೀ ಸ್ವಲ್ಪ ಆಚೆ ಮುಖ ಮಾಡೆ, ತಂಗಿ."

ಊರವರ ಪಾಸ್‌ವರ್ಡುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದ ಸುಮಿತಾ ಗೋಡೆಯ ಕಡೆ ತಿರುಗಿ ನಿಂತಳು. ಕಾಶಿ ಒತ್ತಿ ಮುಗಿಸಿ ಆಯಿತೆಂದ ಮೇಲೂ ಅವಳಿಗೆ ಈಚೆ ತಿರುಗಲಾಗಲಿಲ್ಲ.